ಕಾಲು ಮೈಲಿಗೆ ಮ್ಯಾನುಯಲ್ ಕಾರು: ದುಡ್ಡು ಟೈರ್‌ಗೋ, ಮ್ಯಾಪ್‌ಗೋ, ಕ್ಲಚ್‌ಗೋ?

ಹೊಸೂರು, ಬಾಗಲೂರು, ದೆಂಕಣಿಕೋಟೆ ಕಡೆಯ ಹುಡುಗರು ಡ್ರ್ಯಾಗ್ ರೇಸಿನ ಹುಚ್ಚು ಹತ್ತಿಸಿಕೊಂಡಾಗ ಗ್ಯಾರೇಜಿಗೆ ಬಂದು ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣ, ಮ್ಯಾಪ್ ಹಾಕಿಸಿದ್ರೆ ಎಷ್ಟು ಸೆಕೆಂಡ್ ಇಳಿಯುತ್ತೆ?" ಮ್ಯಾಪ್ ಅಂದರೆ ಪವರ್ ಏರಿಸಲು ಎಂಜಿನ್ನಿನ ಕಂಪ್ಯೂಟರಿಗೆ ಹಾಕುವ ಹೊಸ ಸಾಫ್ಟ್‌ವೇರ್. ಟೈರ್ ಬಗ್ಗೆ ಕೇಳುವವರು ಕಮ್ಮಿ. ಕ್ಲಚ್ ಬಗ್ಗೆ ಕೇಳುವುದು ಅದು ಸುಟ್ಟ ಮೇಲೆ. ಎಡಗಾಲಿನ ಬಗ್ಗೆ ಯಾರೂ ಕೇಳುವುದಿಲ್ಲ.

ಡ್ರ್ಯಾಗ್ ರೇಸ್ ಅಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ ನೇರ ಓಟ. ಕಾಲು ಮೈಲಿ ಅಂದರೆ 1,320 ಅಡಿ, ಸುಮಾರು 402 ಮೀಟರ್. ಮ್ಯಾನುಯಲ್ ಕಾರಿನ ಹಣೆಬರಹ ಅದರಲ್ಲಿ ಮೊದಲ 60 ಅಡಿಯಲ್ಲೇ, ಅಂದರೆ 18 ಮೀಟರಿನಲ್ಲೇ, ಬಹುಪಾಲು ಬರೆದಾಗಿರುತ್ತದೆ. ಹಾಗಾಗಿ ಏನೇ ಖರ್ಚು ಮಾಡುವ ಮುಂಚೆ "ಇದರಿಂದ ಆ 18 ಮೀಟರಿಗೆ ಏನಾಗುತ್ತೆ?" ಅಂತ ಕೇಳಿಕೊಳ್ಳಿ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಆ ಕಣ್ಣಿನಿಂದಲೇ ಮಾಡಿದ್ದೇನೆ.

ರಸ್ತೆಯೋ, ಟ್ರ್ಯಾಕೋ

ಇದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ಕೃಷ್ಣಗಿರಿ ಹೈವೇ ಅಗಲವಾಗಿದೆ, ರಾತ್ರಿ ಖಾಲಿ ಕಾಣುತ್ತದೆ ಅಂತ ಆಸೆಯಾಗಬಹುದು. ಆದರೆ ಶೂಲಗಿರಿ ಆಸುಪಾಸಿನಲ್ಲಿ ಲೈಟಿಲ್ಲದೆ ನಿಂತಿರುವ ಲಾರಿ ನಿಮಗಾಗಿ ಸರಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಷ್ಟಾಗಿ ರಸ್ತೆಯ ಮೇಲೆ ತೆಗೆದ ಟೈಮ್‌ಗೆ ಬೆಲೆಯೂ ಇಲ್ಲ. ಸ್ವಲ್ಪ ಇಳಿಜಾರು ಸಿಕ್ಕರೆ ಸಾಕು, ಅಂಕಿ ಸುಳ್ಳಾಗುತ್ತದೆ.

ನಮ್ಮ ಕಡೆಯವರಿಗೆ ಕೈಗೆಟಕುವ ಟ್ರ್ಯಾಕ್ ಎರಡು. ಒಂದು, ಶ್ರೀಪೆರಂಬದೂರು ದಾಟಿದರೆ ಸಿಗುವ ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕ್. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ. ಇದು 2003ರಲ್ಲಿ ಶುರುವಾದದ್ದು, ರೇಸರ್ ಎಸ್. ಕರಿವರ್ಧನ್ ಅವರ ಹೆಸರು ಹೊತ್ತದ್ದು. ಮಹಾರಾಷ್ಟ್ರದ ಕಡೆ ಆಂಬಿ ವ್ಯಾಲಿಯ ರನ್‌ವೇ ಮೇಲೆ ವ್ಯಾಲಿ ರನ್ ಅಂತ ಮಾಡುತ್ತಿದ್ದರು. ವಿಮಾನದ ಪಟ್ಟಿಗೂ ಈ ಆಟಕ್ಕೂ ಹಳೆಯ ನಂಟು. ಚೆನ್ನೈ ಪಕ್ಕದ ಶೋಳಾವರಂನಲ್ಲಿ ಎಷ್ಟೋ ವರ್ಷ ರೇಸ್ ನಡೆದದ್ದು ಎರಡನೇ ಮಹಾಯುದ್ಧದ ಏರ್‌ಸ್ಟ್ರಿಪ್ ಮೇಲೆಯೇ. ರಾಷ್ಟ್ರಮಟ್ಟದ ಸ್ಪರ್ಧೆಗೆ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ನಿಮ್ಮ ಮಾಮೂಲಿ ಇನ್ಶೂರೆನ್ಸ್ ರೇಸಿಗೆ ಅನ್ವಯಿಸುವುದಿಲ್ಲ ಅನ್ನೋದನ್ನೂ ಪಾಲಿಸಿ ತೆಗೆದು ಓದಿಕೊಳ್ಳಿ.

ಮೊದಲು ಸ್ಲಿಪ್ ಓದಿ

ಪೂರ್ತಿ ಟೈಮಿಂಗ್ ವ್ಯವಸ್ಥೆ ಇರುವ ಕಡೆ ಓಟ ಮುಗಿದ ಮೇಲೆ ನಿಮ್ಮ ಸಮಯ ಬರೆದ ಸ್ಲಿಪ್ ಸಿಗುತ್ತದೆ. ಇಲ್ಲದಿದ್ದರೆ ಡ್ರ್ಯಾಗಿ ಥರದ ಜಿಪಿಎಸ್ ಡಬ್ಬಿಯೂ ಆಗುತ್ತದೆ. ಎಲ್ಲರೂ ನೋಡುವುದು ಕೊನೆಯ ಸಮಯವನ್ನು, ಅಂದರೆ ಇಟಿಯನ್ನು. ನೀವು ನೋಡಬೇಕಾದದ್ದು ಉಳಿದ ಎರಡನ್ನು: 60 ಅಡಿಯ ಸಮಯ ಮತ್ತು ಗೆರೆ ದಾಟುವಾಗಿನ ಟ್ರ್ಯಾಪ್ ಸ್ಪೀಡ್.

ಟ್ರ್ಯಾಪ್ ಸ್ಪೀಡ್ ಎಂಜಿನ್ನಿನ ಕಥೆ ಹೇಳುತ್ತದೆ. 60 ಅಡಿ ನಿಮ್ಮ ಕಾಲು ಮತ್ತು ಟೈರಿನ ಕಥೆ ಹೇಳುತ್ತದೆ. ಒಂದೇ ಥರದ ಎರಡು ಕಾರು ಅಂದುಕೊಳ್ಳಿ. ಮೊದಲನೆಯದು 60 ಅಡಿಗೆ 2.65 ಸೆಕೆಂಡ್, ಇಟಿ 16.5, ಟ್ರ್ಯಾಪ್ ಗಂಟೆಗೆ 139 ಕಿ.ಮೀ. ಎರಡನೆಯದು 60 ಅಡಿಗೆ 2.30, ಇಟಿ 16.0, ಟ್ರ್ಯಾಪ್ 137. ಎರಡನೇ ಕಾರಿನ ಪವರ್ ಒಂಚೂರು ಕಮ್ಮಿಯೇ. ಆದರೂ ಅದು ಅರ್ಧ ಸೆಕೆಂಡ್ ಮುಂದೆ. ಶುರುವಿನಲ್ಲಿ ಉಳಿಸಿದ 0.1 ಸೆಕೆಂಡ್ ಕೊನೆಯಲ್ಲಿ ಸುಮಾರು 0.15ರಿಂದ 0.2 ಆಗಿ ಬೆಳೆಯುತ್ತದೆ ಅನ್ನುವುದು ಡ್ರ್ಯಾಗ್ ರೇಸಿನವರ ಹಳೇ ಲೆಕ್ಕ. ಕಾರಣ ಸರಳ. ಬೇಗ ಗಳಿಸಿದ ವೇಗ ಉಳಿದ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ತಡವಾಗಿ ಬಂದ ವೇಗಕ್ಕೆ ಓಡಲು ಜಾಗವೇ ಉಳಿದಿರುವುದಿಲ್ಲ.

ಇನ್ನೊಂದು ಗೊಂದಲ ಬಗೆಹರಿಸಿಕೊಂಡುಬಿಡಿ. ಹಸಿರು ಲೈಟ್ ಬಿದ್ದ ಮೇಲೆ ನೀವು ತಡ ಮಾಡಿದರೆ ಇಟಿ ಕೆಡುವುದಿಲ್ಲ. ಗಡಿಯಾರ ಶುರುವಾಗುವುದು ಸ್ಟಾರ್ಟ್ ಲೈನಿಗೆ ಅಡ್ಡವಾಗಿ ಹಾಯುವ ಬೆಳಕಿನ ಬೀಮನ್ನು ಮುಂದಿನ ಚಕ್ರ ಬಿಟ್ಟ ಮೇಲೆ. ತಡವಾದರೆ ಪಕ್ಕದ ಲೇನಿನವನು ಗೆಲ್ಲುತ್ತಾನೆ, ಅಷ್ಟೆ. ಹಾಗಾಗಿ ಬರೀ ಟೈಮ್ ಇಳಿಸಬೇಕು ಅನ್ನುವವರು ಲೈಟಿಗೆ ಹೆದರಬೇಕಾಗಿಲ್ಲ. ಬೀಮಿನೊಳಗೆ ಚಕ್ರವನ್ನು ಅಷ್ಟಷ್ಟೇ ತೂರಿಸಿ ನಿಲ್ಲಿಸಿ. ಚಕ್ರ ಬೀಮಿಗೆ ಬಂತು ಅಂತ ತೋರಿಸುವ ಸ್ಟೇಜ್ ಲೈಟ್ ಹತ್ತಿದ ಕ್ಷಣ ನಿಂತುಬಿಡಬೇಕು. ಆಗ ಗಡಿಯಾರ ಓಡುವ ಮುಂಚೆ ಕಾರು ಸುಮಾರು ಒಂದಡಿ ಉರುಳಿರುತ್ತದೆ, ಆ ಒಂದಡಿ ಪುಕ್ಕಟೆ. ಇನ್ನೂ ಮುಂದಕ್ಕೆ ತಳ್ಳಿ ನಿಲ್ಲಿಸುವವರಿಗೆ ಎದುರಾಳಿಗಿಂತ ಬೇಗ ಹೊರಟಂತೆ ಕಾಣುತ್ತದೆ, ಇಟಿ ಮಾತ್ರ ಜಾಸ್ತಿಯಾಗುತ್ತದೆ.

ಯಾವ ಕಾರು

ಈ ಭಾಗ ಚಿಕ್ಕದಾಗಿ ಮುಗಿಸುತ್ತೇನೆ. ಯಾಕಂದರೆ ಹೆಚ್ಚಿನವರು ಮನೆಯಲ್ಲಿರೋ ಕಾರನ್ನೇ ತರುತ್ತಾರೆ.

ಹಳೇ ಹೋಂಡಾ ಸಿಟಿ 1.5 ವಿಟೆಕ್ ಇವತ್ತಿಗೂ ಒಳ್ಳೆಯ ಆಯ್ಕೆ. 106 ಪಿಎಸ್ ಪವರ್, ತೂಕ ಒಂದು ಟನ್ನಿನ ಆಸುಪಾಸು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಪವರ್ ಮೆತ್ತಗೆ ಏರುತ್ತದೆ, ಹಾಗಾಗಿ ಶುರುವಿನಲ್ಲಿ ಚಕ್ರ ಸುಮ್ನೆ ತಿರುಗುವುದು ಕಮ್ಮಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ತೊಂದರೆ ಏನಂದರೆ ಚೆನ್ನಾಗಿರೋ ಗಾಡಿ ಸಿಗೋದೇ ಕಷ್ಟ.

ಚಿಕ್ಕ ಟರ್ಬೊಗಳಲ್ಲಿ ಪೋಲೊ 1.0 ಟಿಎಸ್‌ಐ ಮ್ಯಾನುಯಲ್ (110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ ಅಂದರೆ ತಿರುಗಿಸುವ ಬಲ) ಮತ್ತು 2015ರಲ್ಲಿ ಬಂದ ಅಬಾರ್ಥ್ ಪುಂಟೊ (145 ಪಿಎಸ್, 212 ಎನ್‌ಎಂ) ನಡುವೆ ನನ್ನ ಓಟು ಪೋಲೊಗೆ. ಅಬಾರ್ಥ್ ನೇರ ರಸ್ತೆಯಲ್ಲಿ ಜೋರು, ಆದರೆ ಬಿಡಿಭಾಗ ಹುಡುಕುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಬಜೆಟ್ ಇದ್ದವರಿಗೆ ಸ್ಲಾವಿಯಾ ಅಥವಾ ವರ್ಟಸ್‌ನ 1.5 ಟಿಎಸ್‌ಐ ಮ್ಯಾನುಯಲ್ (150 ಪಿಎಸ್, 250 ಎನ್‌ಎಂ), ಇಲ್ಲವೇ ವೆರ್ನಾ 1.5 ಟರ್ಬೊ ಮ್ಯಾನುಯಲ್ (160 ಪಿಎಸ್, 253 ಎನ್‌ಎಂ). ಇವೆಲ್ಲ ಮುಂದಿನ ಚಕ್ರ ಎಳೆಯುವ ಕಾರುಗಳು. 250 ಎನ್‌ಎಂ ಅನ್ನು ಮಾಮೂಲಿ ಟೈರಿನಲ್ಲಿ ಮೊದಲ ಗೇರಿನಲ್ಲಿ ನೆಲಕ್ಕೆ ಇಳಿಸುವುದು ಹುಡುಗಾಟವಲ್ಲ.

ನಿಜವಾದ ಸ್ಪೋರ್ಟ್ಸ್ ಕಾರು, ಹಿಂದಿನ ಚಕ್ರ, ಕೈ ಗೇರು, ಹೊಸ ಗಾಡಿ ಅಂದರೆ ನಮ್ಮಲ್ಲಿ ಬಿಎಂಡಬ್ಲ್ಯು ಎಂ2. 2023ರಲ್ಲಿ ಬಂದಾಗ ಅದಕ್ಕೆ 460 ಪಿಎಸ್. ಕಂಪನಿ ಹೇಳಿದ 0ಯಿಂದ 100ರ ಸಮಯ ಆಟೋಮ್ಯಾಟಿಕ್‌ಗೆ 4.1 ಸೆಕೆಂಡ್, ಮ್ಯಾನುಯಲ್‌ಗೆ 4.3. ಒಂದೇ ಎಂಜಿನ್ ಇದ್ದೂ ಮ್ಯಾನುಯಲ್ ಹಿಂದೆ ಬೀಳುತ್ತದೆ. ಬರೀ ಟೈಮೇ ಮುಖ್ಯ ಅನ್ನುವವರು ಡಿಎಸ್‌ಜಿ ಥರದ ಆಟೋಮ್ಯಾಟಿಕ್ ತಗೊಂಡು ನೆಮ್ಮದಿಯಾಗಿರಿ. ಕೈ ಗೇರು ಬೇಕೇ ಬೇಕು ಅನ್ನುವವರು ಮುಂದೆ ಓದಿ.

ನಾಲ್ಕು ಖರ್ಚು, ಯಾವುದು ಮೊದಲು

ಮ್ಯಾಪ್‌ಗೆ ಅನ್ಯಾಯ ಮಾಡಬಾರದು. ಕಾಗದದ ಮೇಲೆ ಗೆಲ್ಲುವುದು ಅದೇ. ಪವರ್ ಶೇ 10 ಏರಿದರೆ ಇಟಿ ಸುಮಾರು ಶೇ 3 ಇಳಿಯುತ್ತದೆ, ಅಂದರೆ 16 ಸೆಕೆಂಡಿನ ಕಾರು 15.5ಕ್ಕೆ ಬರಬೇಕು. ಚಿಕ್ಕ ಟರ್ಬೊ ಎಂಜಿನ್ನಿನಲ್ಲಿ ಮ್ಯಾಪ್ ಅಷ್ಟು ಪವರನ್ನು ಸಲೀಸಾಗಿ ಕೊಡುತ್ತದೆ. ಟರ್ಬೊ ಇಲ್ಲದ ಸಿಟಿಯಲ್ಲಿ ಕೊಡುವುದಿಲ್ಲ, ಅಲ್ಲಿ ಮ್ಯಾಪ್‌ಗೆ ದುಡ್ಡು ಸುರಿಯಬೇಡಿ. ಟರ್ಬೊದವರಿಗೆ ನನ್ನ ಎಚ್ಚರಿಕೆ ಎರಡು. ಒಂದು, ಆ ಪವರ್ ಕೆಲಸಕ್ಕೆ ಬರುವುದು ಎರಡನೇ ಗೇರಿನ ಮೇಲೆ. ಮೊದಲ ಗೇರಿನಲ್ಲಿ ಈಗಾಗಲೇ ಜಾರುತ್ತಿರುವ ಟೈರ್ ಮ್ಯಾಪ್ ಆದ ಮೇಲೆ ಇನ್ನೂ ಜಾರುತ್ತದೆ. ಎರಡು, ಟಾರ್ಕ್ ಏರಿದಾಗ ಮೂರು ನಾಲ್ಕನೇ ಗೇರಿನಲ್ಲಿ ಹಳೇ ಕ್ಲಚ್ ಜಾರತೊಡಗುತ್ತದೆ. ಆರ್‌ಪಿಎಂ ಮುಳ್ಳು ಸರ್ರನೆ ಏರುತ್ತದೆ, ಸ್ಪೀಡೋ ಮುಳ್ಳು ಏಳುವುದಿಲ್ಲ. ಆಮೇಲೆ ಆ ವಾಸನೆ. ಹಾಗಾಗಿ ಮ್ಯಾಪ್ ಬೆಲೆ ಅಂದರೆ ಮ್ಯಾಪ್ ಮತ್ತು ಕ್ಲಚ್ ಎರಡರ ಬೆಲೆ ಅಂತಲೇ ಲೆಕ್ಕ ಹಾಕಿ.

ಟೈರ್ ಬಗ್ಗೆ ನನಗೆ ಅನುಮಾನವೇ ಇಲ್ಲ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಸರಿಯುತ್ತದೆ. 1,150 ಕೆಜಿ ಕಾರಿನ ಮುಂಭಾಗ ನೂರು ಕೆಜಿ ಹತ್ತಿರ ಹಗುರವಾಗುತ್ತದೆ, ಅದೂ ಹಿಡಿತ ಹೆಚ್ಚು ಬೇಕಾದ ಹೊತ್ತಿನಲ್ಲೇ. ಅಲ್ಲಿ ಮೃದು ರಬ್ಬರ್ ಮಾಡುವ ಕೆಲಸ ಬೇರೇನೂ ಮಾಡುವುದಿಲ್ಲ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತದೆ. ಮಾಮೂಲಿ ಟೈರುಗಳಲ್ಲಿ ಅದು 300, 400ರ ಮೇಲೆ. 200ರ ಸುತ್ತಲಿನದು ಬೇಗ ಸವೆಯುತ್ತದೆ, ಚೆನ್ನಾಗಿ ಕಚ್ಚುತ್ತದೆ. ಎರಡೇ ಟೈರ್ ಸಾಕು. ಆದರೆ ಅವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಬದಲಿಸಿ. ಮುಂದೆ ಅಂಟು ಟೈರ್, ಹಿಂದೆ ಸವೆದ ಟೈರ್ ಹಾಕಿಕೊಂಡು ವಾಣಿಯಂಬಾಡಿ ಹತ್ತಿರ ಮಳೆಗೆ ಸಿಕ್ಕಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ನಿಮ್ಮನ್ನು ಹಿಂದಿಕ್ಕಲು ನೋಡುತ್ತದೆ.

ದುಡ್ಡೇ ಬೇಡದ ಕೆಲಸ ಗಾಳಿಯದು. ಮುಂದಿನ ಚಕ್ರ ಎಳೆಯುವ ಕಾರಾದರೆ ಮುಂದೆ 25, 26 ಪಿಎಸ್‌ಐಗೆ ಇಳಿಸಿ, ಹಿಂದೆ 38, 40ಕ್ಕೆ ಏರಿಸಿ. ಹಿಂದಿನದು ಸಲೀಸಾಗಿ ಉರುಳಬೇಕು, ಅಷ್ಟೆ. ಹಿಂದಿನ ಚಕ್ರದ ಕಾರಾದರೆ ಇದನ್ನು ತಿರುಗಿಸಿ. ರೇಡಿಯಲ್ ಟೈರಿನಲ್ಲಿ ಇನ್ನೂ ಕೆಳಗೆ ಇಳಿಸಿದರೆ ಲಾಭವಿಲ್ಲ, ಪಕ್ಕದ ಗೋಡೆ ಮಡಚಿಕೊಳ್ಳುತ್ತದೆ. ವಾಪಸ್ ಹೊರಡುವ ಮುಂಚೆ ಮತ್ತೆ ಗಾಳಿ ತುಂಬಿಸಿ. ಟೈರ್ ಬಿಸಿ ಮಾಡುವುದಕ್ಕೆ ನೀರು ಸುರಿದ ಜಾಗಕ್ಕೆ ಮಾಮೂಲಿ ಟೈರ್ ಹಾಕಿಕೊಂಡು ಹೋಗಬೇಡಿ. ಟೈರಿನ ಸಾಲುಗಳಲ್ಲಿ ನೀರು ಕೂತು ಸ್ಟಾರ್ಟ್ ಲೈನಿನವರೆಗೂ ಬರುತ್ತದೆ. ಪಕ್ಕದಿಂದ ಸುತ್ತಿಕೊಂಡು ಬಂದು ಒಣ ನೆಲದಲ್ಲಿ ಒಂದು ಸಲ ಚಕ್ರ ತಿರುಗಿಸಿ, ಅಂಟಿದ ಕಲ್ಲುಮಣ್ಣು ಉದುರಿದರೆ ಸಾಕು.

ತೂಕ ಇಳಿಸುವುದು ಬಡವರ ಮ್ಯಾಪ್. 45 ಕೆಜಿಗೆ ಸುಮಾರು 0.1 ಸೆಕೆಂಡ್ ಅನ್ನೋ ಲೆಕ್ಕವಿದೆ, ಹಗುರ ಕಾರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಸಿಗಬಹುದು. ಸ್ಟೆಪ್ನಿ, ಜಾಕ್, ಹಿಂದಿನ ಸೀಟು, ಡಿಕ್ಕಿಯ ಸಾಮಾನು, ಅರ್ಧಕ್ಕಿಂತ ಕಮ್ಮಿ ಪೆಟ್ರೋಲ್. ತೆಗೆದದ್ದನ್ನು ಇಡೋದಕ್ಕೆ ಜೊತೆಗೊಬ್ಬ ಸ್ನೇಹಿತ ಇರಬೇಕು, ಅಷ್ಟೇ ಖರ್ಚು. ಮುಂದಿನ ಚಕ್ರದ ಕಾರಿನಲ್ಲಿ ಹಿಂದಿನ ಭಾರ ತೆಗೆದರೆ ಭಾರದ ಪಾಲು ಮುಂದಕ್ಕೆ ವಾಲುತ್ತದೆ, ಅದು ಎರಡನೇ ಲಾಭ.

ಕ್ಲಚ್ ಬದಲಿಸುವುದು ನನ್ನ ಪಟ್ಟಿಯಲ್ಲಿ ಕೊನೆ, ಮ್ಯಾಪ್ ಜೊತೆಗೆ ಮಾತ್ರ. ಸೆರಾಮಿಕ್ ಪ್ಲೇಟ್ ಹಾಕಿಸಿ ಅಂತ ಹೇಳುವವರು ಇರುತ್ತಾರೆ. ಅದು ಶಾಖ ತಡೆದುಕೊಳ್ಳುತ್ತದೆ, ನಿಜ. ಆದರೆ ಅರ್ಧ ಹಿಡಿಯುವುದು ಅನ್ನೋದೇ ಅದಕ್ಕೆ ಗೊತ್ತಿಲ್ಲ. ಒಂದೋ ಹಿಡಿತ, ಇಲ್ಲ ಬಿಡುಗಡೆ. ಅತ್ತಿಬೆಲೆ ಟ್ರಾಫಿಕ್‌ನಲ್ಲಿ ದಿನಾ ಓಡಾಡುವ ಕಾರಿಗೆ ಅದು ಬೇಡ. ಮಾಮೂಲಿ ಆರ್ಗ್ಯಾನಿಕ್ ಪ್ಲೇಟ್ ಇಟ್ಟುಕೊಂಡು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಮಾತ್ರ ಸ್ವಲ್ಪ ಗಟ್ಟಿಯದು ಹಾಕಿಸಿದರೆ ಎರಡೂ ಕೆಲಸಕ್ಕೆ ಬರುತ್ತದೆ.

ಕ್ಲಚ್ ಬಿಡುವ ಮೂರು ದಾರಿ

ಮೊದಲನೆಯದು, ಸಿನಿಮಾದ ಹೀರೊ ಥರ 5,000 ಆರ್‌ಪಿಎಂಗೆ ಏರಿಸಿ ಕಾಲು ತೆಗೆದುಬಿಡುವುದು. ಹೊಗೆ ಚೆನ್ನಾಗಿ ಬರುತ್ತದೆ. ಮಾಮೂಲಿ ಟೈರಾದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಅಂಟು ಟೈರಾದರೆ ಇನ್ನೂ ಅಪಾಯ, ಚಕ್ರ ಜಾರದೆ ಪೆಟ್ಟೆಲ್ಲ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ಮತ್ತು ಅದರ ಸಿವಿ ಜಾಯಿಂಟ್ ಮೇಲೆ ಬೀಳುತ್ತದೆ. ಬಂದ ಕಾರಿನಲ್ಲೇ ಮನೆಗೆ ಹೋಗಬೇಕಾದವರು ಇದರ ಸುದ್ದಿಗೆ ಹೋಗಬೇಡಿ.

ಎರಡನೆಯದು, ಟ್ರಾಫಿಕ್‌ನಲ್ಲಿ ಹೊರಟ ಹಾಗೆ ಕಮ್ಮಿ ಆರ್‌ಪಿಎಂನಲ್ಲಿ ಮೆಲ್ಲಗೆ ಬಿಟ್ಟು ಆಮೇಲೆ ಪೂರ್ತಿ ಒತ್ತುವುದು. ಏನೂ ಮುರಿಯುವುದಿಲ್ಲ. ಆದರೆ ಚಿಕ್ಕ ಟರ್ಬೊ ಕಾರು 2,000ದ ಕೆಳಗೆ ನಿದ್ದೆಗಣ್ಣಿನಲ್ಲಿರುತ್ತದೆ. ಟರ್ಬೊದ ಒತ್ತಡ, ಅಂದರೆ ಬೂಸ್ಟ್, ಬರುವಷ್ಟರಲ್ಲಿ ಪಕ್ಕದವನ ಹಿಂದಿನ ಲೈಟ್ ಕಾಣಿಸುತ್ತಿರುತ್ತದೆ.

ಮೂರನೆಯದೇ ಕಲಿಯಬೇಕಾದದ್ದು. ಟರ್ಬೊ ಕಾರಿನಲ್ಲಿ 3,000ದಿಂದ 3,500, ಸಿಟಿಯಂಥದ್ದರಲ್ಲಿ ಇನ್ನೂ ಸ್ವಲ್ಪ ಮೇಲೆ ಆರ್‌ಪಿಎಂ ನಿಲ್ಲಿಸಿಕೊಳ್ಳಿ. ಕ್ಲಚ್ ಕಚ್ಚುವ ಜಾಗಕ್ಕೆ ಬೇಗ ಬನ್ನಿ, ಅಲ್ಲಿ ಪಾದ ನಿಲ್ಲಿಸಿ. ಕಾರು ಹೊರಟ ಮೇಲೂ ಒಂದು, ಒಂದೂವರೆ ಸೆಕೆಂಡ್ ಅಲ್ಲೇ ಜಾರಿಸುತ್ತಾ, ಬಲಗಾಲನ್ನು ಅದಕ್ಕೆ ಸರಿಯಾಗಿ ಇಳಿಸುತ್ತಾ ಹೋಗಿ. ಆಮೇಲೆ ಎಡಗಾಲು ಪೂರ್ತಿ ಮೇಲೆ. ಕೆಸರಿನಲ್ಲಿ ಹೂತ ಎತ್ತಿನಗಾಡಿಯನ್ನು ತಳ್ಳುವವನು ಮೊದಲು ಹೆಗಲು ಕೊಟ್ಟು, ಗಾಲಿ ಅಲುಗಿದ ಮೇಲೆ ಪೂರ್ತಿ ಬಲ ಹಾಕುತ್ತಾನಲ್ಲ, ಹಾಗೆ. ಟೈರ್ ಸಣ್ಣಗೆ ಕಿರ್ ಅನ್ನಬೇಕು. ಕಿರುಚಿದರೆ ಆರ್‌ಪಿಎಂ ಜಾಸ್ತಿಯಾಯಿತು, ಕಾರು ಮುಗ್ಗರಿಸಿದರೆ ಕಮ್ಮಿಯಾಯಿತು. ಮುಂದಿನ ಓಟಕ್ಕೆ 200, 300 ಆರ್‌ಪಿಎಂ ಅತ್ತಿತ್ತ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಳಿಯನ್ನೂ ಆರ್‌ಪಿಎಂನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಟೈಮ್ ಇಳಿಯಿತು ಅಂತ ಆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಚಕ್ರ ಜಾರಿದರೆ ತಾನೇ ಪವರ್ ಇಳಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡುವುದು ಮರೆಯಬೇಡಿ. ಈಗಿನ ಕೆಲವು ಕಾರುಗಳು ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಿದರೆ ಪವರ್ ಕತ್ತರಿಸುತ್ತವೆ, ಅಂಥದ್ದರಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ. ಮ್ಯಾಪ್ ಜೊತೆಗೆ ಟೂ ಸ್ಟೆಪ್ ಕೊಡುತ್ತೇವೆ ಅನ್ನುವವರಿದ್ದಾರೆ. ಅದು ನಿಂತಲ್ಲಿ ಆರ್‌ಪಿಎಂ ಅನ್ನು ಒಂದೇ ಕಡೆ ಹಿಡಿದಿಡುತ್ತದೆ, ಬಲಗಾಲಿನ ಕೆಲಸ ಅರ್ಧ ಕಮ್ಮಿ. ಎಡಗಾಲಿನ ಕೆಲಸ ಮಾತ್ರ ಹಾಗೇ ಉಳಿಯುತ್ತದೆ.

ಗೇರು: ಎತ್ತಿ ಹಾಕುವುದೋ, ಎತ್ತದೆ ಹಾಕುವುದೋ

ಆಕ್ಸಿಲರೇಟರ್ ಬಿಡದೆ ಬರೀ ಕ್ಲಚ್ ಒದ್ದು ಗೇರು ಹಾಕುವುದನ್ನು ಪವರ್ ಶಿಫ್ಟ್ ಅನ್ನುತ್ತಾರೆ. ಅದರಲ್ಲಿ ಟೈಮ್ ಉಳಿಯುತ್ತದೆ, ಗೇರು ಸಲೀಸಾಗಿ ಕೂರಿಸುವ ಸಿಂಕ್ರೊ ರಿಂಗ್ ಉಳಿಯುವುದಿಲ್ಲ. ದಿನಬಳಕೆ ಕಾರಿಗೆ ನಾನು ಹೇಳುವುದು ವೇಗದ ಮಾಮೂಲಿ ಶಿಫ್ಟ್. ಬಲಗಾಲು ಒಂದೇ ಒಂದು ಗಳಿಗೆ ಮೇಲೆ, ಅಷ್ಟರಲ್ಲಿ ಗೇರು ಬಿದ್ದಿರಬೇಕು.

ಮೂರು ಶಿಫ್ಟ್‌ನಲ್ಲಿ ಯಾವುದನ್ನು ಅಭ್ಯಾಸ ಮಾಡಬೇಕು? ಒಂದರಿಂದ ಎರಡು. ಮೂರರಿಂದ ನಾಲ್ಕಕ್ಕೆ ಹೋಗುವ ಹೊತ್ತಿಗೆ ಗೆರೆ ಹತ್ತಿರ ಬಂದಿರುತ್ತದೆ, ಅಲ್ಲಿ 0.2 ಸೆಕೆಂಡ್ ಎಡವಿದರೂ ಸ್ಲಿಪ್‌ನಲ್ಲಿ ಕಾಣುವುದೇ ಇಲ್ಲ ಅನ್ನಬಹುದು. ಒಂದರಿಂದ ಎರಡಕ್ಕೆ ಹೋಗುವಾಗ ಕಳೆದುಕೊಂಡ ವೇಗ ಕೊನೆವರೆಗೂ ಕಾಡುತ್ತದೆ. ಗೆರೆಗೆ ಸ್ವಲ್ಪ ಮುಂಚೆ ಮೂರನೇ ಗೇರು ಮುಗಿಯುವಂತಿದ್ದರೆ ಆರ್‌ಪಿಎಂ ತಡೆಯುವ ಲಿಮಿಟರ್‌ವರೆಗೆ ಎಳೆದುಬಿಡಿ, ನಾಲ್ಕಕ್ಕೆ ಹೋಗಬೇಡಿ.

ಎಷ್ಟು ಆರ್‌ಪಿಎಂಗೆ ಬದಲಿಸಬೇಕು ಅನ್ನೋದು ಎಂಜಿನ್ ಮೇಲೆ. ವಿಟೆಕ್ ಆದರೆ ಕೆಂಪು ಗೆರೆವರೆಗೂ ಹಿಂಡಿ. ಚಿಕ್ಕ ಟರ್ಬೊ ಮೇಲೆ ಮೇಲೆ ಉಸಿರು ಕಳೆದುಕೊಳ್ಳುತ್ತದೆ, ಪವರ್ ತುತ್ತತುದಿ ದಾಟಿದ ಸ್ವಲ್ಪದರಲ್ಲೇ ಬದಲಿಸಿದರೆ ಲಾಭ. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ. ಅಂಗೈಯಿಂದ ಮುಂದಕ್ಕೆ ತಳ್ಳಿ, ಒಳಗಿನ ಸ್ಪ್ರಿಂಗ್ ಅದನ್ನು ತಾನೇ ನಡುವಿಗೆ ತಂದುಕೊಳ್ಳುತ್ತದೆ. ಬಿಗಿಹಿಡಿದು ಎಳೆದವರ ಕೈ ಮೂರರ ಬದಲು ಒಂದಕ್ಕೆ ಹೋಗಿ, ಎಂಜಿನ್ ತಲೆ ಬಿಚ್ಚುವ ಕೆಲಸ ಆಗುತ್ತದೆ.

ಹೊಸೂರಿನ ಗಾಳಿ, ಶ್ರೀಪೆರಂಬದೂರಿನ ಗಾಳಿ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕೊಯಮತ್ತೂರು ಸುಮಾರು 400. ಇರುಂಗಾಟ್ಟುಕೋಟೈ ಹೆಚ್ಚುಕಮ್ಮಿ ಸಮುದ್ರಮಟ್ಟವೇ. 300 ಮೀಟರ್ ಏರಿದರೆ ಟರ್ಬೊ ಇಲ್ಲದ ಎಂಜಿನ್ ಸುಮಾರು ಶೇ 3 ಪವರ್ ಕಳೆದುಕೊಳ್ಳುತ್ತದೆ. ಅಂದರೆ ನಿಮ್ಮ ಸಿಟಿ ಮನೆ ಮುಂದೆ ಇರುವುದಕ್ಕಿಂತ ಶ್ರೀಪೆರಂಬದೂರಿನಲ್ಲಿ ಶೇ 8, 9 ಗಟ್ಟಿಯಾಗಿರುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಅಲ್ಲಿನ ಬಿಸಿಲು ಅದರಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ. 25 ಡಿಗ್ರಿಯಿಂದ 38ಕ್ಕೆ ಹೋದರೆ ಗಾಳಿ ಶೇ 4ರಷ್ಟು ತೆಳುವಾಗುತ್ತದೆ. ಆದರೂ ಲೆಕ್ಕ ಲಾಭದ ಕಡೆಗೇ. ಟರ್ಬೊದವರಿಗೆ ಎತ್ತರದ ಪೆಟ್ಟು ಕಮ್ಮಿ, ಶಾಖದ ಪೆಟ್ಟು ಜಾಸ್ತಿ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಮ್ಮೆ ಕಾದರೆ ಮುಂದಿನ ಓಟದಲ್ಲಿ ಟ್ರ್ಯಾಪ್ ಸ್ಪೀಡ್ ಇಳಿದಿರುತ್ತದೆ.

ಹಾಗಾಗಿ ಟರ್ಬೊ ಇಲ್ಲದವರು ಇರುಂಗಾಟ್ಟುಕೋಟೈಗೆ ಹೋಗಿ, ಟರ್ಬೊದವರಿಗೆ ಕೊಯಮತ್ತೂರೂ ನಡೆಯುತ್ತದೆ. ಚೆನ್ನೈ ಕಡೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಳೆ, ಏಪ್ರಿಲ್ ಮೇ ಬೆಂಕಿ. ಜನವರಿ, ಫೆಬ್ರವರಿಯ ಬೆಳಗಿನ ಹೊತ್ತಿಗೆ ಸ್ಪರ್ಧೆ ಬಿದ್ದರೆ ಬಿಡಬೇಡಿ. ಕ್ಯೂನಲ್ಲಿ ಎಂಜಿನ್ ಆರಿಸಿ, ಬಾನೆಟ್ ತೆರೆದಿಡಿ. ಕಾರನ್ನು ಮುಂದಕ್ಕೆ ಸರಿಸಬೇಕಾದಾಗ ಸ್ಟಾರ್ಟ್ ಮಾಡಬೇಡಿ, ಜೊತೆಗೆ ಬಂದ ಸ್ನೇಹಿತನಿಗೆ ತಳ್ಳಲು ಹೇಳಿ. ಸ್ಟೆಪ್ನಿ ಕಾಯುವ ಕೆಲಸಕ್ಕಿಂತ ಅದೇ ಅವನಿಗೆ ಒಳ್ಳೆಯದು.